ಏರ್‌ಬ್ರಷ್ ಬಣ್ಣವನ್ನು ತೆಳು ಮಾಡುವುದು, ಕೆಟ್ಟಾಗ ಸರಿಪಡಿಸುವುದು: ಕರಾವಳಿಯ ಸ್ಕೇಲ್ ಮಾಡೆಲ್ ಆಸಕ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿಗಳ ಸುತ್ತಮುತ್ತ ಪ್ಲಾಸ್ಟಿಕ್ ಕಿಟ್ ಜೋಡಿಸುವವರು, ಶೀಟ್ ಕತ್ತರಿಸಿ ಊರಿನ ಬಸ್ಸುಗಳ ಅಥವಾ ಮಲ್ಪೆಯ ಟ್ರಾಲರ್ ಬೋಟುಗಳ ಮಾದರಿ ಮಾಡುವವರು ಏರ್‌ಬ್ರಷ್ (ಒತ್ತಡದ ಗಾಳಿಯಿಂದ ಬಣ್ಣ ಸಿಂಪಡಿಸುವ, ಪೆನ್ನಿನಂತೆ ಹಿಡಿಯುವ ಸಾಧನ) ಕೈಗೆತ್ತಿಕೊಂಡ ಮೊದಲ ಒಂದೆರಡು ವರ್ಷಗಳಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಬಾಟಲಿಯ ಮೇಲಿನ ಸೂಚನೆಗಳು ತಪ್ಪಲ್ಲ; ಆದರೆ ಆಟಿ ತಿಂಗಳ (ಜುಲೈ-ಆಗಸ್ಟ್ ನಡುವಿನ ತುಳು ತಿಂಗಳು) ನಮ್ಮ ಒದ್ದೆ ಗಾಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವುಗಳನ್ನು ಯಾರೂ ಬರೆದಿಲ್ಲ. ಆದ್ದರಿಂದ ಹಲವು ಉತ್ತರಗಳು ಬಣ್ಣಕ್ಕಿಂತ ಹೆಚ್ಚಾಗಿ ಹವೆಯ ಕಡೆಗೆ ತಿರುಗಿರುವುದನ್ನು ನೀವು ಗಮನಿಸುವಿರಿ.

ಒಂದು ಪಾಲು ಬಣ್ಣಕ್ಕೆ ಎಷ್ಟು ಪಾಲು ಥಿನ್ನರ್ (ಬಣ್ಣ ತೆಳು ಮಾಡುವ ದ್ರವ) ಬೆರೆಸಬೇಕು?

ಟಮಿಯಾ ಅಕ್ರಿಲಿಕ್‌ಗೆ ಸಮಪಾಲು, ಮಿಸ್ಟರ್ ಕಲರ್ ಲ್ಯಾಕರ್‌ಗೆ ಸಮಪಾಲಿನಿಂದ ಎರಡು ಪಾಲಿನವರೆಗೆ, ವಲ್ಲೆಹೋ ಮಾಡೆಲ್ ಕಲರ್‌ಗೆ ಸುಮಾರು ಸಮಪಾಲು, ಅದೇ ಕಂಪನಿಯ ಮಾಡೆಲ್ ಏರ್‌ಗೆ ಕೆಲವೇ ಹನಿ ಎಂದು ಲೆಕ್ಕ ಹಿಡಿದು ಆರಂಭಿಸಬಹುದು. ಆದರೆ ಇದು ಆರಂಭದ ಲೆಕ್ಕ ಮಾತ್ರ. ಹೊಸ ಬಾಟಲಿಯ ಬಣ್ಣ ಮತ್ತು ಎರಡು ವರ್ಷದಿಂದ ಮುಚ್ಚಳ ಸಡಿಲವಾಗಿ ಕುಳಿತ ಬಾಟಲಿಯ ಬಣ್ಣ ಒಂದೇ ಅನುಪಾತಕ್ಕೆ ಒಗ್ಗುವುದಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಬಣ್ಣ ಹಾಲಿನಂತಿರಬೇಕು ಎಂದು ಬರೆದಿರುತ್ತದೆ. ನಮ್ಮವರಿಗೆ ನಾನು ಹೇಳುವುದು ನೀರುದೋಸೆಯ ಹಿಟ್ಟಿನ ಲೆಕ್ಕ. ಉದ್ದಿನ ದೋಸೆಯ ಹಿಟ್ಟಿನಂತೆ ಸೌಟಿನಿಂದ ಹರಡಬೇಕಾಗುವಷ್ಟಿದ್ದರೆ ಬಣ್ಣ ಗಟ್ಟಿ. ಕಾವಲಿಗೆ ಎರಚಿದೊಡನೆ ತಾನಾಗಿ ಓಡುವಷ್ಟಿದ್ದರೆ ಸರಿ.

ಇನ್ನೂ ಖಚಿತವಾದ ಪರೀಕ್ಷೆ ಬೇಕಿದ್ದರೆ, ಬೆರೆಸಿದ ಬಣ್ಣವನ್ನು ಕಡ್ಡಿಯಿಂದ ಕಪ್ಪಿನ (ಸಾಧನದ ಮೇಲೆ ಬಣ್ಣ ತುಂಬುವ ಬಟ್ಟಲಿನ) ಒಳಗೋಡೆಗೆ ಎಳೆದು ನೋಡಿ. ಗೋಡೆಯಲ್ಲೇ ದಪ್ಪಗೆ ನಿಂತರೆ ಇನ್ನೂ ಥಿನ್ನರ್ ಬೇಕು. ಗುರುತೇ ಉಳಿಯದಂತೆ ಜಾರಿದರೆ ಹೆಚ್ಚಾಗಿದೆ. ನಿಧಾನವಾಗಿ ಇಳಿಯುತ್ತಾ ಹಿಂದೆ ತೆಳುವಾದ, ಒಳಗಿನದು ಕಾಣುವಂಥ ಪೊರೆಯನ್ನು ಬಿಟ್ಟರೆ ಸಿಂಪಡಿಸಬಹುದು. ಕಪ್ಪಿಗೆ ಮೊದಲು ಥಿನ್ನರ್, ಆಮೇಲೆ ಬಣ್ಣ ಹಾಕಿ. ತಿರುಗಿಸಿ ಮಾಡಿದರೆ ಗಟ್ಟಿ ಬಣ್ಣ ನೇರವಾಗಿ ಒಳಗೆ ಬಣ್ಣದ ಹರಿವನ್ನು ತಡೆದು ಬಿಡುವ ಸೂಜಿಯ ಬುಡಕ್ಕಿಳಿದು ಅಲ್ಲೇ ಕೂರುತ್ತದೆ, ಮೇಲೆ ಎಷ್ಟು ಕಲಕಿದರೂ ಅದನ್ನು ಮುಟ್ಟಲಾಗುವುದಿಲ್ಲ.

ಹಳದಿ, ಕೆಂಪು, ಬಿಳಿ ಬಣ್ಣಗಳು ಮುಚ್ಚುವುದಿಲ್ಲವೆಂದು ಅವುಗಳನ್ನು ಗಟ್ಟಿಯಾಗಿಯೇ ಸಿಂಪಡಿಸುವವರಿದ್ದಾರೆ. ಅದು ತಪ್ಪು. ನಮ್ಮ ಬಸ್ಸುಗಳ ಹಳದಿಯನ್ನು ಬೂದು ಪ್ರೈಮರ್ (ಬಣ್ಣಕ್ಕೆ ಮೊದಲು ಕೊಡುವ ತಳಪದರ) ಮೇಲೆ ಹೊಡೆದರೆ ನಾಲ್ಕು ಪದರವಾದರೂ ಕೊಳಕು ಹಸಿರಾಗಿಯೇ ಕಾಣುತ್ತದೆ. ಬಿಳಿ ಪ್ರೈಮರ್ ಮೇಲೆ ತೆಳುವಾದ ಎರಡು ಮೂರು ಪದರ ಸಾಕು.

ಒಂದು ಕಂಪನಿಯ ಬಣ್ಣಕ್ಕೆ ಇನ್ನೊಂದರ ಥಿನ್ನರ್ ಹಾಕಬಹುದೇ?

ಕಂಪನಿ ಮುಖ್ಯವಲ್ಲ, ಬಣ್ಣದ ಜಾತಿ ಮುಖ್ಯ. "ಅಕ್ರಿಲಿಕ್" ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುವುದೇ ಇಲ್ಲಿನ ಗೊಂದಲಕ್ಕೆ ಮೂಲ. ಟಮಿಯಾದ ಎಕ್ಸ್ ಮತ್ತು ಎಕ್ಸ್‌ಎಫ್ ಸಾಲಿನ ಬಣ್ಣಗಳು ಆಲ್ಕೋಹಾಲನ್ನು ಒಪ್ಪಿಕೊಳ್ಳುತ್ತವೆ: ಅದರದೇ ಎಕ್ಸ್-20ಎ ಥಿನ್ನರ್, ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಮಾಡೆಲ್‌ಗಳಿಗೆಂದೇ ತಯಾರಾದ ಲ್ಯಾಕರ್ ಥಿನ್ನರ್, ಈ ಮೂರರಲ್ಲಿ ಯಾವುದೂ ಆಗುತ್ತದೆ. ನನ್ನ ಅನುಭವದಲ್ಲಿ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಬೆರೆಸಿದ ಟಮಿಯಾ ಬಣ್ಣದಷ್ಟು ನಯವಾಗಿ ಕೂರುವ ಅಕ್ರಿಲಿಕ್ ಬೇರೆ ಇಲ್ಲ. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಅದರಲ್ಲಿ ಮೊದಲೇ ಸೇರಿದೆ.

ವಲ್ಲೆಹೋ ಮತ್ತು ಅದರಂಥ ಬಣ್ಣಗಳು ನೀರನ್ನು ಆಧರಿಸಿದವು. ಇವುಗಳಿಗೆ ಅವುಗಳದೇ ಏರ್‌ಬ್ರಷ್ ಥಿನ್ನರ್, ಬಣ್ಣ ಸರಾಗವಾಗಿ ಹರಿಯಲು ಎರಡು ಹನಿ ಫ್ಲೋ ಇಂಪ್ರೂವರ್, ತಪ್ಪಿದರೆ ಶುದ್ಧ ನೀರು. ನಾನೊಮ್ಮೆ ಥಿನ್ನರ್ ಮುಗಿದಿದೆಯೆಂದು ಇಂಥ ಬಣ್ಣಕ್ಕೆ ಐಸೊಪ್ರೊಪೈಲ್ ಸುರಿದೆ. ಹುಳಿ ಹಿಂಡಿದ ಹಾಲಿನಂತೆ ಬಣ್ಣ ಕಪ್ಪಿನಲ್ಲೇ ಒಡೆದು, ರಬ್ಬರಿನಂಥ ಎಳೆಗಳು ಸೂಜಿಗೆ ಸುತ್ತಿಕೊಂಡವು. ಒಂದು ಭಾನುವಾರ ಪೂರ್ತಿ ಅದನ್ನು ಬಿಡಿಸುವುದರಲ್ಲೇ ಕಳೆಯಿತು.

ಹಂಬ್ರೋಲ್ ಮುಂತಾದ ಎನಾಮೆಲ್‌ಗಳಿಗೆ ಅಂಗಡಿಯ ಮಿನರಲ್ ಟರ್ಪೆಂಟೈನ್ ಸಾಕು. ಆಲ್‌ಕ್ಲಾಡ್‌ನ ಲೋಹದ ಬಣ್ಣಗಳನ್ನು ತೆಳು ಮಾಡಿಯೇ ಬಾಟಲಿಗೆ ತುಂಬಿರುತ್ತಾರೆ, ಏನನ್ನೂ ಬೆರೆಸಬೇಕಿಲ್ಲ.

ಬಂದರಿನ ಬಣ್ಣದ ಅಂಗಡಿಯಲ್ಲಿ ಸಿಗುವ ಎನ್‌ಸಿ ಥಿನ್ನರ್ ಬಹಳ ಅಗ್ಗ. ಅದನ್ನೇ ಬಳಸಿದರೇನು?

ಏರ್‌ಬ್ರಷ್ ತೊಳೆಯಲು ಖಂಡಿತ ಬಳಸಿ. ಬಣ್ಣಕ್ಕೆ ಬೆರೆಸಬೇಡಿ. ಕಾರಿನ ತಗಡಿಗೂ ಮರದ ಪೀಠೋಪಕರಣಕ್ಕೂ ಮಾಡಿದ ಈ ದ್ರಾವಕದಲ್ಲಿ ಟೊಲ್ವೀನ್‌ನಂಥ ಬಲವಾದ ವಸ್ತುಗಳಿರುತ್ತವೆ. ನಮ್ಮ ಕಿಟ್‌ಗಳ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಅವು ಕರಗಿಸುತ್ತವೆ. ಒದ್ದೆಯಾಗಿ ಬಿದ್ದ ಕಡೆ ಮೇಲ್ಮೈ ಬಿರುಕಿಟ್ಟು, ರಿವೆಟ್ ಗೆರೆಗಳು ಮಸುಕಾಗುತ್ತವೆ. ತೆಳುವಾಗಿ ಸಿಂಪಡಿಸಿ ಪಾರಾದವರೂ ಇದ್ದಾರೆ. ಆದರೆ ಡಬ್ಬಿಯಿಂದ ಡಬ್ಬಿಗೆ ಮಿಶ್ರಣ ಬದಲಾಗುವ ವಸ್ತುವಿನ ಮೇಲೆ ಮೂರು ತಿಂಗಳ ಕೆಲಸವನ್ನು ಪಣಕ್ಕಿಡುವುದು ಜಾಣತನವಲ್ಲ.

"ಸ್ಪಿರಿಟ್" ಎಂದಷ್ಟೇ ಕೇಳಿ ತರುವುದೂ ಬೇಡ. ಆ ಹೆಸರಿನಲ್ಲಿ ವಿಷಕಾರಿಯಾದ ಮೆಥನಾಲ್ ಬೆರೆಸಿದ ದ್ರವವೂ ಸಿಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್, ಶೇಕಡಾ 99 ಎಂದು ಸ್ಪಷ್ಟವಾಗಿ ಬರೆದಿರುವ ಬಾಟಲಿಯನ್ನೇ ಕೇಳಿ. ಶೇಕಡಾ 70ರದ್ದರಲ್ಲಿ ಉಳಿದದ್ದು ಹೆಚ್ಚಾಗಿ ನೀರು.

ಬಾವಿಯ ನೀರು ಆಗುತ್ತದೆಯೇ?

ಕುಡಿಯಲು ಅದಕ್ಕಿಂತ ಒಳ್ಳೆಯದಿಲ್ಲ, ಬಣ್ಣಕ್ಕೆ ಬೇಡ. ನಮ್ಮ ಕೆಂಪುಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಬರುವುದುಂಟು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎಲ್ಲೆಡೆ ಸಿಗುತ್ತದೆ, ಬೆಲೆಯೂ ಕಡಿಮೆ. ಅದೇ ಕಪಾಟಿನಲ್ಲಿ ಬ್ಯಾಟರಿ ಆ್ಯಸಿಡ್ ಕೂಡ ಇರುತ್ತದೆ, ಲೇಬಲ್ ಓದಿ ತನ್ನಿ.

ಗಾಳಿಯ ಒತ್ತಡ ಎಷ್ಟಿರಬೇಕು?

ಬಣ್ಣ ಹೊರಬರುವ ತುದಿಯ ರಂಧ್ರವೇ ನಾಜಲ್, ಒತ್ತಡ ಅಳೆಯುವ ಮಾನ ಪಿಎಸ್‌ಐ. 0.3 ಮಿ.ಮೀ. ನಾಜಲ್‌ನಲ್ಲಿ ತೆಳುವಾದ ಲ್ಯಾಕರ್ ಮತ್ತು ಟಮಿಯಾ ಬಣ್ಣಗಳಿಗೆ 15ರಿಂದ 20 ಪಿಎಸ್‌ಐ, ನೀರಿನ ಬಣ್ಣಗಳಿಗೆ 20ರಿಂದ 25 ಪಿಎಸ್‌ಐ. ಪ್ರೈಮರ್, ವಾರ್ನಿಶ್ ಮತ್ತು ಮಿನುಗುವ ಕಣಗಳಿರುವ ಬಣ್ಣಗಳಿಗೆ 0.4 ಅಥವಾ 0.5 ಮಿ.ಮೀ. ನಾಜಲ್ ಇದ್ದರೆ ಕಿರಿಕಿರಿ ಕಡಿಮೆ. ಒತ್ತಡವನ್ನು ಓದುವಾಗ ಟ್ರಿಗರ್ ಒತ್ತಿ ಗಾಳಿ ಹರಿಯುತ್ತಿರುವಂತೆಯೇ ಓದಿ. ಸುಮ್ಮನಿರುವಾಗ 20 ತೋರಿಸುವ ಮುಳ್ಳು ಗಾಳಿ ಬಿಟ್ಟೊಡನೆ 14ಕ್ಕೆ ಇಳಿಯಬಹುದು. ನಿಮಗೂ ನಿಮ್ಮ ಗೆಳೆಯರಿಗೂ ಒಂದೇ ಅಂಕಿಯಲ್ಲಿ ಬೇರೆ ಬೇರೆ ಫಲ ಬರುವುದಕ್ಕೆ ಬಹುಪಾಲು ಇದೇ ಕಾರಣ.

ಎರಡು ನಿಮಿಷ ಚೆನ್ನಾಗಿ ಬರುವ ಬಣ್ಣ ಆಮೇಲೆ ನಿಂತುಹೋಗುತ್ತದೆ ಅಥವಾ ಹನಿ ಹನಿಯಾಗಿ ಎಸೆಯುತ್ತದೆ. ಏಕೆ?

ಸೂಜಿಯ ತುದಿಯಲ್ಲಿ ಬಣ್ಣ ಒಣಗಿ ಗಡ್ಡೆಗಟ್ಟಿದೆ. ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಚಿಕ್ಕ ಮಣಿಯೊಂದು ಕಾಣುತ್ತದೆ. ನೀರಿನ ಅಕ್ರಿಲಿಕ್‌ಗಳಲ್ಲಿ ಇದನ್ನು ಪೂರ್ತಿ ತಪ್ಪಿಸಲಾಗದು, ಕಡಿಮೆ ಮಾಡಬಹುದಷ್ಟೆ. ಥಿನ್ನರ್ ಸ್ವಲ್ಪ ಹೆಚ್ಚಿಸಿ, ಒತ್ತಡ ಸ್ವಲ್ಪ ಇಳಿಸಿ, ರಿಟಾರ್ಡರ್ ಒಂದೆರಡು ಹನಿ ಸೇರಿಸಿ, ಫ್ಲೋ ಇಂಪ್ರೂವರ್‌ನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಆಗಾಗ ಸೂಜಿಯ ತುದಿಯನ್ನು ಸವರಿ. ಕೆಲಸ ಮುಗಿಸುವಾಗ ಮೊದಲು ಬಣ್ಣವನ್ನು ನಿಲ್ಲಿಸಿ, ಗಾಳಿಯನ್ನು ಒಂದು ಕ್ಷಣ ಬಿಟ್ಟು ಆಮೇಲೆ ನಿಲ್ಲಿಸುವ ಅಭ್ಯಾಸವಾದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಹಾಕದೆ ಕೂರಲಾಗುವುದಿಲ್ಲ, ನಿಜ. ಆದರೆ ತಲೆಯ ಮೇಲಿನ ಫ್ಯಾನ್ ಸೂಜಿಯ ತುದಿಯನ್ನೂ ಒಣಗಿಸುತ್ತದೆ, ಕೋಣೆಯ ಧೂಳನ್ನು ಹಸಿ ಬಣ್ಣದ ಮೇಲೂ ತಂದಿಡುತ್ತದೆ. ಬೆಳಗ್ಗೆ ಆರರಿಂದ ಎಂಟರವರೆಗೆ ಸಿಂಪಡಿಸಿ, ಜೋಡಣೆ ಮತ್ತು ಉಜ್ಜುವ ಕೆಲಸವನ್ನು ಹಗಲಿಗೆ ಇಟ್ಟುಕೊಂಡವರು ಸುಖವಾಗಿದ್ದಾರೆ.

ಮೇಲ್ಮೈ ಒರಟಾಗುತ್ತದೆ, ಕೆಲವೊಮ್ಮೆ ಜೇಡನ ಕಾಲುಗಳಂತೆ ಹರಿದುಹೋಗುತ್ತದೆ. ಎರಡಕ್ಕೂ ಒಂದೇ ಮದ್ದೇ?

ಅಲ್ಲ, ಮದ್ದು ಒಂದಕ್ಕೊಂದು ವಿರುದ್ಧ. ಅದಕ್ಕೇ ಮೊದಲು ರೋಗವನ್ನು ಸರಿಯಾಗಿ ಗುರುತಿಸಬೇಕು. ಒಂದು ಭೂತಗನ್ನಡಿ ತೆಗೆದುಕೊಂಡು ಓರೆ ಬೆಳಕಿನಲ್ಲಿ ನೋಡಿ. ಬಣ್ಣ ನಡುವಿನಿಂದ ಹೊರಗೆ ಕವಲು ಕವಲಾಗಿ ಓಡಿದ್ದರೆ ಅದು ಅತಿ ತೆಳುವಾಗಿದೆ, ಅಥವಾ ನೀವು ಬಹಳ ಹತ್ತಿರ ಹಿಡಿದಿದ್ದೀರಿ, ಅಥವಾ ಗಾಳಿ ಹೆಚ್ಚಾಗಿದೆ. ಒತ್ತಡ ಇಳಿಸಿ, ಟ್ರಿಗರ್ ಕಡಿಮೆ ಎಳೆಯಿರಿ.

ಮುಟ್ಟಿದರೆ ಉಜ್ಜುಕಾಗದದಂತೆ ಒರಟಾಗಿದ್ದು, ಬೆರಳಿಗೆ ಪುಡಿ ಹತ್ತಿದರೆ ಬಣ್ಣದ ಕಣಗಳು ಹಾದಿಯಲ್ಲೇ ಒಣಗಿ ಧೂಳಾಗಿ ಬಿದ್ದಿವೆ. ಹತ್ತಿರ ಬನ್ನಿ, ಥಿನ್ನರ್ ಅಥವಾ ರಿಟಾರ್ಡರ್ ಹೆಚ್ಚಿಸಿ. ಪುಡಿ ಹತ್ತದೆ, ಕಿತ್ತಳೆಯ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿಗಳು ಕಂಡರೆ ಬಣ್ಣ ಗಟ್ಟಿಯಾಗಿದೆ ಇಲ್ಲವೇ ಒತ್ತಡ ಸಾಲದೆ ಹನಿಗಳು ದೊಡ್ಡದಾಗಿ ಬಿದ್ದು ಸಮವಾಗಿ ಹರಡುವ ಮೊದಲೇ ಹೆಪ್ಪುಗಟ್ಟಿವೆ.

ಸಿಂಪಡಿಸುತ್ತಿರುವಾಗ ನೋಡಬೇಕಾದದ್ದು ಒಂದೇ: ಬಣ್ಣ ಬಿದ್ದ ಕ್ಷಣದಲ್ಲಿ ದೀಪದ ಪ್ರತಿಬಿಂಬ ಒದ್ದೆಯಾಗಿ ಹೊಳೆದು, ಎರಡು ಮೂರು ಸೆಕೆಂಡಿನಲ್ಲಿ ಮಂಕಾಗಬೇಕು. ಹೊಳಪೇ ಬಾರದಿದ್ದರೆ ಒಣಗಿ ಬೀಳುತ್ತಿದೆ. ಹೊಳಪು ನಿಂತು ಅಂಚಿನ ಕಡೆಗೆ ಜರುಗತೊಡಗಿದರೆ ಕೂಡಲೇ ಕೈ ತೆಗೆಯಿರಿ. ಈ ಪರೀಕ್ಷೆಯನ್ನು ಮಾದರಿಯ ಮೇಲೆ ಮಾಡದೆ ಬೇರೆ ತುಂಡಿನ ಮೇಲೆ ಮಾಡಿ. ಹಿಂದೆ ಐಸ್‌ಕ್ರೀಂ ಜೊತೆ ಬಂದ ಪ್ಲಾಸ್ಟಿಕ್ ಚಮಚಗಳನ್ನು ತೊಳೆದು ಕೂಡಿಡುತ್ತಿದ್ದೆವು. 2022ರ ಜುಲೈ 1ರಿಂದ ಅಂಥ ಚಮಚಗಳಿಗೆ ದೇಶದಾದ್ಯಂತ ನಿಷೇಧ ಬಂದ ಮೇಲೆ, ಕಿಟ್‌ನಲ್ಲಿ ಬಳಸದೆ ಉಳಿದ ರೆಕ್ಕೆಗಳೂ ಬಾಗಿಲುಗಳೂ ಆ ಕೆಲಸಕ್ಕೆ ಬಂದಿವೆ. ಗಡ್‌ಬಡ್ ಐಸ್‌ಕ್ರೀಂ ತಿನ್ನಲು ಇದ್ದ ಒಂದು ನೆಪ ಮಾತ್ರ ತಪ್ಪಿತು.

ಕಪ್ಪಿನಲ್ಲಿ ಗುಳ್ಳೆಗಳು ಏಳುತ್ತವೆ. ಏನು ಕೆಟ್ಟಿದೆ?

ಗಾಳಿ ಬಣ್ಣದ ದಾರಿಯೊಳಗೆ ನುಗ್ಗುತ್ತಿದೆ. ನಾಜಲ್ ಸಡಿಲವಾಗಿರಬಹುದು, ಅದರ ಬಾಯಿ ಕಟ್ಟಿರಬಹುದು, ಸಣ್ಣ ಸೀಲ್ ಸವೆದಿರಬಹುದು ಅಥವಾ ನಾಜಲ್ ಸೀಳಿರಬಹುದು. ಮೊದಲು ತೊಳೆದು ನೋಡಿ, ಆಮೇಲೆ ಹಗುರವಾಗಿ ಬಿಗಿ ಮಾಡಿ. ಇಕ್ಕಳ ಹಾಕಿ ತಿರುಗಿಸಿದರೆ ಅಷ್ಟು ಸಣ್ಣ ನಾಜಲ್‌ನ ಕುತ್ತಿಗೆ ಮುರಿದು ದಾರವಿರುವ ಭಾಗ ಒಳಗೇ ಉಳಿಯುತ್ತದೆ.

ಮಳೆಗಾಲದಲ್ಲಿ ಕ್ಲಿಯರ್ ಕೋಟ್ (ಬಣ್ಣದ ಮೇಲೆ ಕೊಡುವ ಪಾರದರ್ಶಕ ಪದರ) ಬೆಳ್ಳಗಾಗುತ್ತದೆ. ಇದಕ್ಕೆ ಪರಿಹಾರವಿದೆಯೇ?

ಕರಾವಳಿಯಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದು. ಥಿನ್ನರ್ ಆವಿಯಾಗುವಾಗ ಮೇಲ್ಮೈಯ ಬಿಸಿಯನ್ನು ಹೀರಿಕೊಳ್ಳುತ್ತದೆ; ಅಂಗೈಗೆ ಹಾಕಿಕೊಂಡ ಸ್ಯಾನಿಟೈಸರ್ ತಣ್ಣಗೆನಿಸುವುದೂ ಇದೇ ಕಾರಣಕ್ಕೆ. ಗಾಳಿ 28 ಡಿಗ್ರಿ ಸೆಲ್ಸಿಯಸ್ ಇದ್ದು ಆರ್ದ್ರತೆ ಶೇಕಡಾ 50 ಇದ್ದರೆ, ಮೇಲ್ಮೈ ಸುಮಾರು 17 ಡಿಗ್ರಿಗೆ ಇಳಿದರೆ ಮಾತ್ರ ಅದರ ಮೇಲೆ ಇಬ್ಬನಿ ಕೂರುತ್ತದೆ. ಅದೇ ಉಷ್ಣತೆಯಲ್ಲಿ ಆರ್ದ್ರತೆ ಶೇಕಡಾ 90 ಆದರೆ 26 ಡಿಗ್ರಿಯೇ ಸಾಕು, ಅಂದರೆ ಎರಡೇ ಡಿಗ್ರಿ ತಣಿದರೂ ನೀರು ಕೂರುತ್ತದೆ. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಲ್ಯಾಕರ್ ಸಿಂಪಡಿಸುವುದೆಂದರೆ ಆ ಎರಡು ಡಿಗ್ರಿಯ ಅಂತರದಲ್ಲಿ ಆಡುವ ಆಟ. ಹಸಿ ಪದರದೊಳಗೆ ಸಿಕ್ಕಿಬಿದ್ದ ತೇವವೇ ನಿಮಗೆ ಬಿಳಿ ಮಂಜಾಗಿ ಕಾಣುವುದು.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ದಡದ ಬಳಿ ನಿಂತ ಬೋಟುಗಳನ್ನು ಹತ್ತಿರದಿಂದ ನೋಡಿ ಅಳತೆ ತೆಗೆದು ನಾನೊಂದು ಟ್ರಾಲರ್ ಮಾದರಿ ಮಾಡಿದ್ದೆ. ಕೊನೆಯ ಮ್ಯಾಟ್ (ಹೊಳಪಿಲ್ಲದ) ಕೋಟನ್ನು ಮಳೆ ಹೊಡೆಯುತ್ತಿದ್ದ ಸಂಜೆಯೇ ಸಿಂಪಡಿಸಿದೆ. ಹತ್ತು ನಿಮಿಷದಲ್ಲಿ ಕಡು ನೀಲಿಯ ಹಲಗೆಗಳ ಮೇಲೆ ಅಕ್ಕಿಹಿಟ್ಟು ಚೆಲ್ಲಿದಂತಾಯಿತು. ಬೋಟಿನ ಮೂತಿಯ ಮೇಲೆ ಬರೆದ ಹೆಸರಿನ ಮೊದಲ ಎರಡು ಅಕ್ಷರಗಳೇ ಕಾಣದಾದವು.

ಇಂಥ ಹೊತ್ತಿನಲ್ಲಿ ಗಾಬರಿಯಿಂದ ಉಜ್ಜಬಾರದು. ಲ್ಯಾಕರ್ ಪದರವಾದರೆ, ತೇವ ಕಡಿಮೆ ಇರುವ ಹೊತ್ತು ನೋಡಿ ಬರೀ ಲೆವೆಲಿಂಗ್ ಥಿನ್ನರನ್ನು ಮಂಜಿನಂತೆ ಹಗುರವಾಗಿ ಸಿಂಪಡಿಸಿ. ಪದರ ಮೆತ್ತಗಾಗಿ ತೇವ ಹೊರಬಂದು ಬಣ್ಣ ತಿಳಿಯಾಗುತ್ತದೆ. ಮ್ಯಾಟ್ ವಾರ್ನಿಶ್‌ನ ಮ್ಯಾಟ್ ಪುಡಿಯೇ ಬೆಳ್ಳಗೆ ಕೂತಿದ್ದರೆ, ಮೇಲೊಂದು ಹೊಳಪಿನ ಕೋಟ್ ಕೊಟ್ಟರೆ ಬಹುಮಟ್ಟಿಗೆ ಮಾಯವಾಗುತ್ತದೆ. ಒಣ ದಿನ ಬಂದಾಗ ಮತ್ತೆ ಮ್ಯಾಟ್ ಕೊಡಬಹುದು. ನನ್ನ ಟ್ರಾಲರ್ ಉಳಿದದ್ದು ಈ ಎರಡನೆಯ ದಾರಿಯಿಂದ, ಅದೂ ನವೆಂಬರ್ ಬಂದ ಮೇಲೆ.

ಬಾರದಂತೆ ನೋಡಿಕೊಳ್ಳಬೇಕೆಂದರೆ ಆರ್ದ್ರತೆ ಅಳೆಯುವ ಸಣ್ಣ ಮೀಟರೊಂದನ್ನು ಮೇಜಿನ ಮೇಲಿಡಿ. ನಾನು ಶೇಕಡಾ 75 ದಾಟಿದರೆ ಲ್ಯಾಕರನ್ನೂ ವಾರ್ನಿಶನ್ನೂ ಮುಟ್ಟುವುದಿಲ್ಲ. ಇದು ನನ್ನ ಸ್ವಂತ ಗೆರೆ, ಶಾಸ್ತ್ರವಲ್ಲ. ಏಸಿ ಇರುವ ಕೋಣೆಯನ್ನು ಒಂದು ಗಂಟೆ ಮೊದಲೇ ಡ್ರೈ ಮೋಡ್‌ನಲ್ಲಿಟ್ಟು ಮಾದರಿಯನ್ನೂ ಅಲ್ಲೇ ಇರಿಸಿ, ಸಿಂಪಡಿಸಿದ ಮೇಲೆಯೂ ಅಲ್ಲೇ ಒಣಗಲು ಬಿಟ್ಟರೆ ಮಳೆಗಾಲದಲ್ಲೂ ಕೆಲಸ ಸಾಗುತ್ತದೆ. ಏಸಿಯಲ್ಲಿ ತಣ್ಣಗಾದ ಮಾದರಿಯನ್ನು ಜಗಲಿಗೆ ತಂದು ಸಿಂಪಡಿಸಿದರೆ ಮಾತ್ರ ಇರುವುದಕ್ಕಿಂತ ಕೆಡುತ್ತದೆ.

ಕಂಪ್ರೆಸರ್‌ಗೆ ನೀರು ಎಲ್ಲಿಂದ ಬರುತ್ತದೆ?

ನೀವು ಉಸಿರಾಡುವ ಗಾಳಿಯಿಂದಲೇ. ಮಳೆಗಾಲದ 28 ಡಿಗ್ರಿಯ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ಹವ್ಯಾಸಿಗಳ ಟ್ಯಾಂಕ್ ಕಂಪ್ರೆಸರ್ ಅದನ್ನು 4 ಬಾರ್‌ಗೆ ಒತ್ತಿದಾಗ ಗಾತ್ರ ಐದನೇ ಒಂದಾಗುತ್ತದೆ. ಅಷ್ಟು ಜಾಗದ ಗಾಳಿ ತಣಿದ ಮೇಲೆ ಹಿಡಿದಿಟ್ಟುಕೊಳ್ಳಬಲ್ಲದ್ದು ಐದು ಗ್ರಾಂ ಚಿಲ್ಲರೆ. ಉಳಿದ ಹತ್ತೊಂಬತ್ತು ಗ್ರಾಂ, ಅಂದರೆ ಹತ್ತಿರ ಹತ್ತಿರ ನಾಲ್ಕು ಟೀ ಚಮಚ, ನೀರಾಗಿ ಟ್ಯಾಂಕಿಗೆ ಇಳಿಯುತ್ತದೆ. ನಿಮಿಷಕ್ಕೆ 20 ಲೀಟರ್ ಎಳೆಯುವ ಯಂತ್ರ 50 ನಿಮಿಷ ಓಡಿದರೆ ಇಷ್ಟು ನೀರು ಸೇರಿತು.

ಆದ್ದರಿಂದ ಪ್ರತಿ ದಿನದ ಕೆಲಸ ಮುಗಿದ ಮೇಲೆ ಟ್ಯಾಂಕಿನ ಅಡಿಯ ಬಿರಡೆಯನ್ನು ಬಿಚ್ಚಿ. ನಾನು ಮೊದಲ ವರ್ಷ ಅದನ್ನು ತೆಗೆದೇ ಇರಲಿಲ್ಲ. ತೆಗೆದ ದಿನ ಒಳಗಿನಿಂದ ಚಹಾ ಕಷಾಯದ ಬಣ್ಣದ ತುಕ್ಕುನೀರು ಅರ್ಧ ಲೋಟ ಬಂತು. ಕಂಪ್ರೆಸರ್‌ಗೆ ಅಂಟಿದ, ತೇವ ಹಿಡಿಯುವ ಮಾಯಿಶ್ಚರ್ ಟ್ರಾಪ್‌ನಲ್ಲಿ ಗಾಳಿ ಇನ್ನೂ ಬೆಚ್ಚಗಿರುವುದರಿಂದ ಎಲ್ಲ ತೇವವೂ ಅಲ್ಲಿ ಸಿಗುವುದಿಲ್ಲ. ಉದ್ದನೆಯ ಹೋಸ್‌ನಲ್ಲಿ ಸಾಗುತ್ತಾ ತಣಿದು, ನಿಮ್ಮ ಕೈಯ ಬಳಿ ನೀರಾಗುತ್ತದೆ. ಏರ್‌ಬ್ರಷ್ಷಿನ ಕೆಳಗೇ ಇನ್ನೊಂದು ಸಣ್ಣ ಟ್ರಾಪ್ ಹಾಕಿಕೊಂಡರೆ, ಮುಗಿಯಲು ಒಂದೇ ಹೊಡೆತ ಬಾಕಿ ಇರುವಾಗ ರೆಕ್ಕೆಯ ನಡುವೆ ನೀರಿನ ಹನಿ ಬೀಳುವ ಸಂಕಟ ತಪ್ಪುತ್ತದೆ.

ಮಾಸ್ಕಿಂಗ್ ಟೇಪ್ ಎಳೆದರೆ ಬಣ್ಣವೂ ಜೊತೆಗೇ ಬರುತ್ತದೆ.

ಕಿಟ್ ಅಚ್ಚಿನಿಂದ ಸುಲಭವಾಗಿ ಕಳಚಲೆಂದು ಬಳಸಿದ ಎಣ್ಣೆಯಂಥ ವಸ್ತು ಉಳಿದಿರಬಹುದು, ಅಥವಾ ನಿಮ್ಮ ಕೈಯ ಬೆವರು ಮೆತ್ತಿರಬಹುದು. ನಮ್ಮ ಸೆಕೆಯಲ್ಲಿ ಎರಡನೆಯದೇ ಹೆಚ್ಚು. ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆದು ಒಣಗಿಸಿ, ಪ್ರೈಮರ್ ಕೊಟ್ಟು, ನೀರಿನ ಪ್ರೈಮರ್ ಆಗಿದ್ದರೆ ಕನಿಷ್ಠ 24 ಗಂಟೆ, ಮಳೆಗಾಲವಾದರೆ ಎರಡು ದಿನ ಬಿಡಿ. ಮುಟ್ಟಿದರೆ ಅಂಟದ ಬಣ್ಣವೆಲ್ಲ ಒಳಗೂ ಗಟ್ಟಿಯಾಗಿರುತ್ತದೆ ಎಂದೇನಿಲ್ಲ. ಪದರಗಳ ಕ್ರಮದಲ್ಲಿ ಕೆಳಗೆ ಲ್ಯಾಕರ್, ನಡುವೆ ಅಕ್ರಿಲಿಕ್, ಮೇಲೆ ಎನಾಮೆಲ್ ವಾಶ್ (ಗೆರೆ, ಸಂದುಗಳಿಗೆ ಹರಿಸುವ ತೀರ ತೆಳು ಬಣ್ಣ) ಇದ್ದರೆ ಕ್ಷೇಮ. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನದು ಸುಕ್ಕುಗಟ್ಟುತ್ತದೆ.

ಎನ್95 ಮಾಸ್ಕ್ ಸಾಕೇ?

ಸಾಲದು. ಅದು ಬಣ್ಣದ ಕಣಗಳನ್ನು ತಡೆಯುತ್ತದೆ, ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಲ್ಯಾಕರ್, ಎನಾಮೆಲ್, ಆಲ್ಕೋಹಾಲ್ ಬಳಸುವವರಿಗೆ ಸಾವಯವ ಆವಿಗಳಿಗೆಂದೇ ಇರುವ ಇದ್ದಿಲಿನ ಕಾರ್ಟ್ರಿಡ್ಜ್ ಹಾಕಿದ ರೆಸ್ಪಿರೇಟರ್ ಬೇಕು. ಪ್ಯಾಕೆಟ್ ಒಡೆದ ಕಾರ್ಟ್ರಿಡ್ಜ್ ಸುಮ್ಮನೆ ನೇತುಹಾಕಿದರೂ ಗಾಳಿಯ ತೇವ ಹೀರಿ ದುರ್ಬಲವಾಗುತ್ತದೆ; ಕೆಲಸ ಮುಗಿದೊಡನೆ ಗಾಳಿಯಾಡದ ಚೀಲದಲ್ಲಿ ಮುಚ್ಚಿಡಿ. ಮಾಸ್ಕ್ ಹಾಕಿಯೂ ಥಿನ್ನರ್ ವಾಸನೆ ಬಂದರೆ ಕಾರ್ಟ್ರಿಡ್ಜನ್ನು ಬದಲಿಸಬೇಕು.

ಬೆಂಕಿಯ ವಿಷಯವನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ. ಐಸೊಪ್ರೊಪೈಲ್‌ನ ಆವಿ 12 ಡಿಗ್ರಿಯಲ್ಲೇ ಹೊತ್ತಿಕೊಳ್ಳಬಲ್ಲದು; ನಮ್ಮಲ್ಲಿ ಅಷ್ಟು ಚಳಿಯೇ ಇಲ್ಲ. ಸಂಜೆ ದೇವರ ಕೋಣೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಚಾವಡಿಯಲ್ಲಿ ಸಿಂಪಡಿಸುವವರಿಗೆ ಇದು ನೆನಪಿರಲಿ.

ಏರ್‌ಬ್ರಷ್ಷನ್ನು ರಾತ್ರಿಯಿಡೀ ಥಿನ್ನರ್‌ನಲ್ಲಿ ನೆನೆಸಬಹುದೇ?

ಬೇಡ. ಒಳಗಿನ ರಬ್ಬರ್ ಓ-ರಿಂಗ್‌ಗಳು ಉಬ್ಬಿ ಹಾಳಾಗುತ್ತವೆ. ನಾಜಲ್, ಸೂಜಿ, ಮುಂದಿನ ಮುಚ್ಚಳ ಈ ಮೂರನ್ನು ಬಿಚ್ಚಿ ಅವನ್ನಷ್ಟೇ ನೆನೆಸಿ. ಸೂಜಿಯನ್ನು ಒರೆಸುವಾಗ ಬಟ್ಟೆಯನ್ನು ಬುಡದಿಂದ ತುದಿಯ ಕಡೆಗೆ ಎಳೆಯಬೇಕು.

ತೊಳೆದು ಉಳಿದ ಕೊಳೆ ಥಿನ್ನರನ್ನು ಏನು ಮಾಡಬೇಕು?

ತೆಂಗಿನ ಬುಡಕ್ಕೆ ಚೆಲ್ಲುವವರನ್ನು ನೋಡಿದ್ದೇನೆ. ನಮ್ಮ ಅಂಗಳದ ಕೆಂಪುಕಲ್ಲು ಜರಡಿಯಂತೆ ತೂತು ತೂತಾದದ್ದು. ಮೇಲೆ ಚೆಲ್ಲಿದ್ದು ಹತ್ತು ಹೆಜ್ಜೆ ಆಚೆಗಿರುವ ಬಾವಿಗೆ ಇಳಿಯಲು ಹೆಚ್ಚು ಕಾಲ ಬೇಡ. ಕೊಳೆಯಾದದ್ದನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತುಂಬಿಡಿ. ಒಂದೆರಡು ವಾರದಲ್ಲಿ ಬಣ್ಣ ತಳಕ್ಕೆ ಕೂತು ಮೇಲೆ ತಿಳಿ ದ್ರವ ನಿಲ್ಲುತ್ತದೆ. ಅದನ್ನು ನಿಧಾನವಾಗಿ ಬಗ್ಗಿಸಿಕೊಂಡು ಮುಂದಿನ ಬಾರಿ ಮೊದಲ ತೊಳೆತಕ್ಕೆ ಬಳಸಿ. ತಳದ ಕೆಸರನ್ನು ಮರದ ಪುಡಿ ಅಥವಾ ಹಳೆಯ ಪತ್ರಿಕೆಗೆ ಹೀರಿಸಿ, ಮನೆಯ ಹೊರಗೆ ಗಾಳಿಯಾಡುವ ಕಡೆ ಪೂರ್ತಿ ಒಣಗಿಸಿ, ಹಸಿ ಕಸಕ್ಕೂ ಒಣ ಕಸಕ್ಕೂ ಬೆರೆಸದೆ ಅಪಾಯಕಾರಿ ಕಸವೆಂದು ಹೇಳಿ ಪ್ರತ್ಯೇಕವಾಗಿ ಕೊಡಿ. ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಥಿನ್ನರ್" ಎಂದು ಬರೆಯುವುದನ್ನು ಮರೆಯಬೇಡಿ. ಟಮಿಯಾದ ತಿಳಿ ಹಳದಿ ಬೆರೆತ ಥಿನ್ನರ್ ನೋಡಲು ನಿಂಬೆ ಶರಬತ್ತಿನಂತೆಯೇ ಇರುತ್ತದೆ.